ಸಿನಿಮಾ ಸತ್ತುಹೋಯಿತೆಂದ ರುದ್ರಾಣಮ್ಮ

ಸಿನಿಮಾ ಎಂಬುದು ಸತ್ತು ಬಹಳ ಕಾಲವಾಯಿತು ಎನ್ನುವುದು ಚಾಮರಾಜಪೇಟೆಯ ರುದ್ರಾಣಮ್ಮನವರ ಖಚಿತ ಅಭಿಪ್ರಾಯ. ಸತ್ತದ್ದು ಯಾವಾಗ ಎಂದು ಕೇಳಿದರೆ ಮಾತ್ರ ಉತ್ತರ ಬದಲಾಗುತ್ತಿತ್ತು. ಒಮ್ಮೆ ಹೀರೋಗಳು ಗಡ್ಡ ಬಿಟ್ಟ ದಿನ ಎನ್ನುತ್ತಿದ್ದರು, ಇನ್ನೊಮ್ಮೆ ಹೀರೋಯಿನ್ನುಗಳು ಜಡೆ ಬಿಚ್ಚಿದ ದಿನ ಎನ್ನುತ್ತಿದ್ದರು. ಬೆಳಗಿನ ಕಾಫಿ ಸರಿಯಾಗಿಲ್ಲದಿದ್ದರೆ ಕಲರ್ ಬಂದ ದಿನವೇ ಸತ್ತಿತು ಎಂದುಬಿಡುತ್ತಿದ್ದರು. ಹೀಗೆ ಸತ್ತ ಸಿನಿಮಾವನ್ನು ಅವರು ಪ್ರತಿ ಶುಕ್ರವಾರವೂ ತಪ್ಪದೆ ಹೋಗಿ ನೋಡಿಕೊಂಡು ಬರುತ್ತಿದ್ದರು.

"ನೋಡ್ದೆ ಬಯ್ಯೋದು ಪಾಪ. ನೋಡ್ಬಿಟ್ಟು ಬಯ್ದ್ರೆ ಅದು ವಿಮರ್ಶೆ" ಎನ್ನುವುದು ಅವರ ಸಮಜಾಯಿಷಿ.

ಜೊತೆಗೆ ಗಂಡ ಪಂಚಾಕ್ಷರಯ್ಯ ಹೋಗುತ್ತಿದ್ದರು. ಚಿಕ್ಕಪೇಟೆಯ ಹಿತ್ತಾಳೆ ಪಾತ್ರೆ ಅಂಗಡಿಯನ್ನು ತಮ್ಮನ ಮಕ್ಕಳಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಮಧ್ಯಾಹ್ನ ನಿದ್ದೆ ಬರುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಪಾತ್ರೆ ಸದ್ದು ಕೇಳಿ ಅಭ್ಯಾಸವಾದ ಕಿವಿ ಅದು. ಈಗಿನ ಹೊಡೆದಾಟದ ಸಿನಿಮಾಗಳಲ್ಲಿ ಅವರಿಗೆ ಸೊಗಸಾದ ನಿದ್ದೆ ಹತ್ತುತ್ತಿತ್ತು. ಹೊಸ ಸಿನಿಮಾಗಳ ಬಗ್ಗೆ ಆ ಮನೆಯಲ್ಲಿ ಒಳ್ಳೆಯ ಅಭಿಪ್ರಾಯ ಇದ್ದದ್ದು ಅವರೊಬ್ಬರಿಗೆ.

ಸಿನಿಮಾದಿಂದ ಬಂದ ಮೇಲೆ ರುದ್ರಾಣಮ್ಮ ಪಕ್ಕದ ಮನೆಯ ನಾರಾಯಣಮ್ಮನ ಜಗಲಿಯಲ್ಲಿ ಕೂತು ವರದಿ ಒಪ್ಪಿಸುತ್ತಿದ್ದರು. ನಾರಾಯಣಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ರಿಟೈರಾದವರು. ಬೇರೆಯವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು ಅವರ ನೌಕರಿಯಾಗಿತ್ತು, ಆಮೇಲೆ ಅದೇ ಸ್ವಭಾವವಾಯಿತು.

"ಹೀರೋ ಬಾಗ್ಲಿಂದ ಕುರ್ಚಿಗೆ ನಡ್ಕೊಂಡು ಬರೋವಷ್ಟರಲ್ಲಿ ನಾನು ಒಂದು ಸೇರು ಅಕ್ಕಿ ಆರಿಸ್ಬೋದು ನಾರಾಯಣಮ್ಮ. ಎಲ್ಲ ಸ್ಲೋ ಮೋಶನ್ನು. ಬಂದು ಕೂತ್ಕೊಂಡ್ನಲ್ಲ, ಏನಾದ್ರೂ ಹೇಳ್ತಾನೆ ಅಂದ್ರೆ ಇಂಟರ್ವೆಲ್ಲು! ಕಥೆ ಎಲ್ಲಿ ಅಂದ್ರೆ ಎರಡನೇ ಭಾಗದಲ್ಲಂತೆ. ನಮ್ಮ ಕಾಲದಲ್ಲಿ ಹೀಗಿತ್ತಾ?"

ನಮ್ಮ ಕಾಲ ಎಂದ ಕೂಡಲೇ 'ಹೊಸಿಲು ದಾಟದ ಹಣತೆ' ಎಂಬ ಸಿನಿಮಾದ ಮಾತು ಬರುತ್ತದೆಂದು ನಾರಾಯಣಮ್ಮನಿಗೆ ಗೊತ್ತಿತ್ತು. ರುದ್ರಾಣಮ್ಮ ಮದುವೆಯಾದ ಹೊಸದರಲ್ಲಿ ಮೆಜೆಸ್ಟಿಕ್ಕಿನಲ್ಲಿ ನೋಡಿದ ಚಿತ್ರ. ನೋಡಿದ ಟಾಕೀಸು ಈಗ ಮೊಬೈಲ್ ಕವರ್ ಮಾರುವ ಕಾಂಪ್ಲೆಕ್ಸ್ ಆಗಿದೆ. ಅದರ ಕೊನೆಯ ದೃಶ್ಯವನ್ನು ರುದ್ರಾಣಮ್ಮ ಎದ್ದು ನಿಂತು ಅಭಿನಯಿಸಿಯೇ ತೋರಿಸುತ್ತಿದ್ದರು. ಹೊರಗೆ ಹೋಗಿ ಬಂದ ಸೊಸೆಯನ್ನು ಅತ್ತೆ ಹೊಸಿಲಲ್ಲೇ ತಡೆಯುತ್ತಾಳೆ. ದೀಪ ಹಚ್ಚೋ ಹೊತ್ತು ದಾಟಿದ ಮೇಲೆ ಬರೋ ಸೊಸೆಗೆ ಈ ಮನೇಲಿ ಜಾಗ ಇಲ್ಲ ಎನ್ನುತ್ತಾಳೆ. ಆಗ ಸೊಸೆ ಸೆರಗು ಸಿಕ್ಕಿಸಿಕೊಂಡು, "ದೀಪ ಹಚ್ಚೋಕೆ ನಾನು ಬೇಕು, ಅದರ ಬೆಳಕಲ್ಲಿ ನಿಲ್ಲೋಕೆ ಮಾತ್ರ ಬೇಡ್ವಾ?" ಎಂದು ಕೇಳಿ ಒಳಗೆ ನಡೆದೇಬಿಡುತ್ತಾಳೆ.

"ಇಂಥ ಒಂದು ಡೈಲಾಗು ಈಗಿನೋರು ಬರೀಲಿ ನೋಡೋಣ!" ಎಂದು ರುದ್ರಾಣಮ್ಮ ಕೂರುತ್ತಿದ್ದರು.

ಒಂದು ಶುಕ್ರವಾರ 'ಉಕ್ಕಿನ ಉಗುರು, ಭಾಗ ಒಂದು' ಎಂಬ ಚಿತ್ರ ಬಿಡುಗಡೆಯಾಯಿತು. ಸಿನಿಮಾ ಮುಗಿದು ಗಂಡನನ್ನು ಎಬ್ಬಿಸಿಕೊಂಡು ರುದ್ರಾಣಮ್ಮ ಹೊರಗೆ ಬಂದರೆ ಬಾಗಿಲಲ್ಲೇ ಮೈಕು ಹಿಡಿದ ಹುಡುಗಿಯೊಬ್ಬಳು ನಿಂತಿದ್ದಳು. ಆರಾಧನಾ ಎಂದು ಹೆಸರು; ಯೂಟ್ಯೂಬ್ ಚಾನೆಲ್ಲಿಗಾಗಿ ಜನರ ಅಭಿಪ್ರಾಯ ಕೇಳುವವಳು.

"ಅಜ್ಜಿ, ಪಿಚ್ಚರ್ ಹೇಗಿತ್ತು?"

ಇಷ್ಟು ವರ್ಷದಲ್ಲಿ ರುದ್ರಾಣಮ್ಮನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೇಳುವ ಮೊದಲೇ ಅವರು ಹೇಳಿಬಿಡುತ್ತಿದ್ದುದೇ ಅದಕ್ಕೆ ಕಾರಣ.

"ಏನ್ ಪಿಚ್ಚರಮ್ಮ ಇದು? ಮನೆ ತುಂಬ ಕತ್ತಲೆ, ಕರೆಂಟ್ ಬಿಲ್ಲು ಕಟ್ಟಿಲ್ವಾ? ಆ ಹುಡುಗ ಮೂರು ಗಂಟೆ ಹೊಡೆದಾಡ್ತಾನೆ, ಒಂದು ಲೋಟ ನೀರು ಕುಡಿಯಲ್ಲ. ಅಷ್ಟು ಜನ ಸತ್ರಲ್ಲ, ಒಬ್ಬರಿಗಾದ್ರೂ ಮಣ್ಣು ಮಾಡಿದ್ರಾ? ಎಲ್ಲರನ್ನೂ ರಸ್ತೇಲೇ ಬಿಟ್ಟು ಹೋದ್ನಲ್ಲಮ್ಮ, ಅವ್ರಿಗೆ ಹೆತ್ತೋರು ಇರಲ್ವಾ?"

ಹಿಂದೆ ನಿಂತಿದ್ದ ಪಂಚಾಕ್ಷರಯ್ಯ, "ಸೌಂಡು ಚೆನ್ನಾಗಿತ್ತು" ಎಂದು ಸೇರಿಸಿದರು.

ಸಂಜೆಯ ಹೊತ್ತಿಗೆ ಆ ವಿಡಿಯೋ ಊರೆಲ್ಲ ಸುತ್ತಿತು. ತರಕಾರಿಯವನು ನೋಡಿದ್ದ, ಮಠದ ಸ್ವಾಮಿಗಳೂ ನೋಡಿದ್ದರಂತೆ. ಆಮೇಲೆ ನಡೆದದ್ದನ್ನು ಮಾತ್ರ ರುದ್ರಾಣಮ್ಮ ಎಣಿಸಿರಲಿಲ್ಲ. ಅಜ್ಜಿಗೆ ಅಷ್ಟೊಂದು ಸಿಟ್ಟು ತರಿಸಿದ ಸಿನಿಮಾ ಹೇಗಿದ್ದೀತೆಂದು ಜನ ಗುಂಪು ಗುಂಪಾಗಿ ಟಾಕೀಸಿಗೆ ಹೋದರು. ಮಾರನೇ ವಾರ ಪೇಪರಿನಲ್ಲಿ ಜಾಹೀರಾತು ಬಂತು. ಗಡ್ಡದ ಹೀರೋನ ಪಕ್ಕದಲ್ಲಿ ಕೈ ಎತ್ತಿ ಬಯ್ಯುತ್ತಿರುವ ರುದ್ರಾಣಮ್ಮನ ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ: 'ಅಜ್ಜಿಯನ್ನೇ ನಡುಗಿಸಿದ ಚಿತ್ರ! ಯಶಸ್ವಿ ಎರಡನೇ ವಾರ!'

"ನಾನೆಲ್ಲಿ ನಡುಗಿದೆ? ಈ ವಯಸ್ಸಲ್ಲಿ ಸ್ವಲ್ಪ ಕೈ ಅದುರತ್ತೆ, ಅಷ್ಟೆ" ಎಂದು ರುದ್ರಾಣಮ್ಮ ಕೆಂಡವಾದರು. ಅಂದೇ ಗಂಡನನ್ನೂ ನಾರಾಯಣಮ್ಮನನ್ನೂ ಆಟೋ ಹತ್ತಿಸಿಕೊಂಡು ಗಾಂಧಿನಗರದ ಸಿನಿಮಾ ಆಫೀಸಿಗೆ ಜಗಳಕ್ಕೆ ಹೋದರು.

ನಿರ್ದೇಶಕ ನಂದೀಶ್ ಅಲ್ಲೇ ಇದ್ದ. ಅವನ ಗಡ್ಡ ಹೀರೋನ ಗಡ್ಡಕ್ಕಿಂತ ಉದ್ದವಾಗಿತ್ತು. ಇವರು ಬಾಯಿ ತೆರೆಯುವ ಮೊದಲೇ ಕಾಲಿಗೆ ಬಿದ್ದ.

"ಅಜ್ಜಿ, ನಿಮ್ಮ ಆಶೀರ್ವಾದದಿಂದ ಸಿನಿಮಾ ಉಳ್ಕೊಳ್ತು."

"ಆಶೀರ್ವಾದ ಯಾರಪ್ಪ ಮಾಡಿದ್ದು? ನಾನು ಶಾಪ ಹಾಕಿದ್ದು."

"ನಮ್ಮ ಫೀಲ್ಡಲ್ಲಿ ಎರಡೂ ಒಂದೇ ಅಜ್ಜಿ."

ಕಾಫಿ ಬಂತು, ಜೊತೆಗೆ ಬಿಸಿ ಮದ್ದೂರು ವಡೆ ಬಂತು. ವಡೆ ಮುರಿಯುತ್ತಿದ್ದಾಗ ನಂದೀಶ್ ಮೆಲ್ಲಗೆ ವಿಷಯ ತೆಗೆದ. ಎರಡನೇ ಭಾಗದಲ್ಲಿ ಹೀರೋಗೆ ಒಬ್ಬ ಅಜ್ಜಿ ಇದ್ದಾಳೆ. ಆ ಪಾತ್ರವನ್ನು ರುದ್ರಾಣಮ್ಮನೇ ಮಾಡಬೇಕು.

ರುದ್ರಾಣಮ್ಮ ಗಂಭೀರವಾಗಿ ಯೋಚಿಸಿದರು. ಹೊರಗೆ ನಿಂತು ಎಷ್ಟು ಬಯ್ದರೂ ಈ ಜನ ಬುದ್ಧಿ ಕಲಿಯುವುದಿಲ್ಲ, ಒಳಗೆ ಹೊಕ್ಕೇ ತಿದ್ದಬೇಕು ಎಂಬ ತೀರ್ಮಾನಕ್ಕೆ ಬರಲು ಅವರಿಗೆ ಒಂದು ವಡೆಯಷ್ಟೇ ಹೊತ್ತು ಹಿಡಿಯಿತು.

"ಆ ಹುಡುಗ ಒಂದ್ಸಲನಾದ್ರೂ ಊಟ ಮಾಡ್ಬೇಕು" ಎಂದರು.

"ಮಾಡ್ತಾನೆ ಅಜ್ಜಿ."

"ಮನೇಲಿ ಲೈಟ್ ಹಾಕ್ಬೇಕು."

"ಹಾಕ್ತೀವಿ."

"ಸತ್ತೋರಿಗೆ ಮಣ್ಣು ಮಾಡ್ಬೇಕು."

ನಂದೀಶ್ ಗಡ್ಡ ಕೆರೆದುಕೊಂಡ. "ಎಲ್ಲರಿಗೂ ಕಷ್ಟ ಅಜ್ಜಿ, ಬಜೆಟ್ ಇಲ್ಲ. ಮುಖ್ಯವಾದೋರಿಗೆ ಮಾಡ್ಸೋಣ."

ಶೂಟಿಂಗ್ ನಡೆದದ್ದು ಬಸವನಗುಡಿಯ ಒಂದು ಹಳೆಯ ಮನೆಯಲ್ಲಿ. ರುದ್ರಾಣಮ್ಮ ಹೋದಾಗ ಹೊರಗೆ ಚುರುಗುಟ್ಟುವ ಬಿಸಿಲು. ಒಳಗೆ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಿದ್ದರು. ಆಮೇಲೆ ಆ ಕತ್ತಲು ಚೆನ್ನಾಗಿ ಕಾಣಲೆಂದು ಆಳೆತ್ತರದ ದೀಪಗಳನ್ನು ಹಾಕಿದ್ದರು. ಕಿಟಕಿಯ ಬಟ್ಟೆ ಬಿಚ್ಚಿದರೆ ಎರಡೂ ಖರ್ಚು ಉಳಿಯುತ್ತದಲ್ಲ ಎಂದು ರುದ್ರಾಣಮ್ಮ ಹೇಳಿದರು. ಎಲ್ಲರೂ ಗೌರವದಿಂದ ನಕ್ಕರು.

ಕೈಗೆ ಮೆಣಸಿನಕಾಯಿಯಷ್ಟು ಕೆಂಪು ಬಣ್ಣ ಬಳಿದುಕೊಂಡು ಹೀರೋ ಬಂದು ನಿಂತ. 'ಈ ರಕ್ತ ಒಣಗಬಾರದು ಕಂದಾ' ಎಂದು ರುದ್ರಾಣಮ್ಮ ಹೇಳಬೇಕಿತ್ತು. ಕ್ಯಾಮೆರಾ ಓಡಿತು. ರುದ್ರಾಣಮ್ಮ ಹೀರೋನ ಮುಖ ನೋಡಿದರು, ಕೈ ನೋಡಿದರು. ಎದುರಿಗೆ ಬಡಿಸಿಟ್ಟ ತಟ್ಟೆ ನೋಡಿದರು.

"ಥೂ, ಮೊದ್ಲು ಕೈ ತೊಳ್ಕೊಂಡು ಬಾ. ಅನ್ನ ಆರೋಗತ್ತೆ" ಎಂದುಬಿಟ್ಟರು.

ಹೀರೋ ತಬ್ಬಿಬ್ಬಾಗಿ ನಿಜವಾಗಿಯೂ ಕೈ ತೊಳೆಯಲು ಹೊರಟ. ನಂದೀಶ್ ಮಾನಿಟರ್ ಬಿಟ್ಟು ಎದ್ದು ಕುಣಿದ. ಅದೇ ಇರಲಿ, ಅದೇ ಇರಲಿ ಎಂದು ಕೂಗಿದ. ಅಲ್ಲಿಂದ ರುದ್ರಾಣಮ್ಮನಿಗೆ ಒಂದು ಕುರ್ಚಿ ಮೀಸಲಾಯಿತು, ಬಿಸಿಲಿಗೆ ಹೋದರೆ ಕೊಡೆ ಹಿಡಿಯುವವರು ಬಂದರು, ನಂದೀಶನೊಬ್ಬನನ್ನು ಬಿಟ್ಟು ಎಲ್ಲರ ಬಾಯಲ್ಲೂ ಅಜ್ಜಿ ಹೋಗಿ ಮೇಡಂ ಆಯಿತು. ಕೊನೆಯ ದಿನ ನಂದೀಶ್, "ಒಂದು ಮಲಗೋ ಸೀನ್ ಇದೆ ಅಜ್ಜಿ. ಹೀಗೆ ಬಾಗಿಲ ಹತ್ರ ಮಲ್ಕೊಂಡುಬಿಡಿ, ಕಣ್ಣು ಬಿಡಬೇಡಿ" ಎಂದ. ಇಂಥ ಪಾತ್ರವನ್ನು ತನಗೇ ಕೊಡಬಹುದಿತ್ತು ಎಂದು ಪಂಚಾಕ್ಷರಯ್ಯನವರಿಗೆ ಅನ್ನಿಸಿತು.

ಜಗಲಿಯ ಮಾತುಗಳು ಬದಲಾದದ್ದು ಆಮೇಲೆ.

"ಕತ್ತಲೆ ಅಂತ ಸುಮ್ನೆ ಬಯ್ಬಾರ್ದು ನಾರಾಯಣಮ್ಮ. ಕತ್ತಲಲ್ಲಿ ಮುಖದ ಭಾವ ಎದ್ದು ಕಾಣತ್ತೆ."

"ಹೌದಾ?"

"ಸ್ಲೋ ಮೋಶನ್ನೂ ಅಷ್ಟೆ. ಅದಕ್ಕೊಂದು ಲೆಕ್ಕ ಇರತ್ತೆ. ನಮಗೆ ಗೊತ್ತಾಗಲ್ಲ."

ಇಷ್ಟು ವರ್ಷ ಒಂದು ಕಡೆಯ ವಾದವನ್ನು ತಾಳ್ಮೆಯಿಂದ ಕೇಳಿ ಒಪ್ಪಿಕೊಂಡಿದ್ದ ನಾರಾಯಣಮ್ಮನಿಗೆ ಈಗ ಇನ್ನೊಂದು ಕಡೆಯನ್ನೂ ಒಪ್ಪಿಕೊಳ್ಳಬೇಕಾಗಿ ಬಂದು ರೇಗಿತು. ಮೊಬೈಲಿನಲ್ಲಿ ಹುಡುಕಿ ಹುಡುಕಿ 'ಹೊಸಿಲು ದಾಟದ ಹಣತೆ'ಯನ್ನು ಪತ್ತೆ ಮಾಡಿದರು. ಭಾನುವಾರ ಮಧ್ಯಾಹ್ನ ಗಂಡಹೆಂಡತಿಯನ್ನು ಮನೆಗೆ ಕರೆದು ಟಿವಿಗೆ ಹಾಕಿ ಕೂರಿಸಿದರು. "ನೋಡೋಣ ರುದ್ರಾಣಮ್ಮ, ನಿಮ್ಮ ಚಿನ್ನದಂಥ ಸಿನಿಮಾ."

ಮೊದಲ ದೃಶ್ಯದಲ್ಲೇ ಐವತ್ತು ದಾಟಿದಂತೆ ಕಾಣುವ ಹೀರೋ ಓಡಿಬಂದು, "ಅಮ್ಮಾ, ನಾನು ಬಿ.ಎ. ಪಾಸಾದೆ!" ಎಂದ. ಅಮ್ಮನಾದವಳು ಅವನಿಗಿಂತ ಹತ್ತು ವರ್ಷ ಚಿಕ್ಕವಳಂತೆ ಇದ್ದಳು. ಹೀರೋ ಹೀರೋಯಿನ್ನನ್ನು ಲಾಲ್‌ಬಾಗಿನ ಮರಗಳ ಸುತ್ತ ಅಟ್ಟಿಸಿಕೊಂಡು ಹೋದ. ಅವಳು ಬೇಡ ಎಂದಷ್ಟೂ ಇವನಿಗೆ ಹುರುಪು. ಮದುವೆಯಾದ ಮೇಲೆ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅವಳ ಕೆನ್ನೆಗೆ ಒಂದು ಬಿಟ್ಟ. ಅವಳು ಆ ಕೈಗೆ ನೋವಾಯಿತೇನೋ ಎಂದು ಎಣ್ಣೆ ಸವರಿದಳು, ಸವರುತ್ತ ಒಂದು ಹಾಡನ್ನೂ ಹೇಳಿದಳು.

"ಹಾಡು ಚೆನ್ನಾಗಿದೆ" ಎಂದರು ರುದ್ರಾಣಮ್ಮ, ಕ್ಷೀಣವಾಗಿ. ಆಮೇಲೆ, "ಇರಿ ಇರಿ, ಕೊನೆ ಸೀನ್ ಬರ್ಲಿ."

ಕೊನೆಯ ಸೀನ್ ಬಂತು. ಅತ್ತೆ ಹೊಸಿಲಲ್ಲಿ ಅಡ್ಡ ನಿಂತಳು. ರುದ್ರಾಣಮ್ಮ ಮುಂದಕ್ಕೆ ಬಾಗಿ, ತುಟಿಯಲ್ಲೇ ಆ ಮಾತನ್ನು ಹೇಳಿಕೊಳ್ಳುತ್ತ ಕೂತರು. ಸೊಸೆ ಅತ್ತೆಯನ್ನು ನೋಡಿದಳು, ಸೆರಗನ್ನು ಬಾಯಿಗೆ ತುರುಕಿಕೊಂಡಳು, ದಡಕ್ಕನೆ ಅತ್ತೆಯ ಪಾದಕ್ಕೆ ಬಿದ್ದು ತಪ್ಪಾಯಿತು ಎಂದು ಅತ್ತಳು. ಅತ್ತೆಯೂ ಅತ್ತಳು, ಹೀರೋ ನಕ್ಕ. 'ಶುಭಂ' ಎಂದು ಬಂತು.

"ಕತ್ತರಿಸಿದಾರೆ!" ಎಂದರು ರುದ್ರಾಣಮ್ಮ. "ಆ ಡೈಲಾಗ್ ಎಲ್ಲಿ? ಯೂಟ್ಯೂಬಿಗೆ ಹಾಕೋರು ಕತ್ತರಿಸಿದಾರೆ ನಾರಾಯಣಮ್ಮ, ಆಣೆ ಮಾಡಿ ಹೇಳ್ತೀನಿ, ನನ್ನ ಕಿವಿಯಾರೆ ಕೇಳಿದೀನಿ!"

ಪಂಚಾಕ್ಷರಯ್ಯ ಅಷ್ಟು ಹೊತ್ತೂ ಸೋಫಾದಲ್ಲಿ ತಲೆ ವಾಲಿಸಿಕೊಂಡಿದ್ದರು. ಹಳೆಯ ಸಿನಿಮಾದಲ್ಲಿ ಸದ್ದು ಕಮ್ಮಿ, ನಿದ್ದೆ ಬಂದಿರಲಿಲ್ಲವೋ ಏನೋ. ಕಣ್ಣು ಬಿಟ್ಟರು.

"ಕೇಳಿದ್ದಲ್ಲ ರುದ್ರಾಣಿ, ಹೇಳಿದ್ದು."

"ಅಂದ್ರೆ?"

"ಅದನ್ನ ಹೇಳಿದ್ದು ನೀನು. ಆ ಪಿಚ್ಚರ್ ನೋಡ್ಕೊಂಡು ಬಂದ ದಿನ. ಬಸ್ ಸಿಗಲಿಲ್ಲ, ಮೆಜೆಸ್ಟಿಕ್ಕಿಂದ ನಡ್ಕೊಂಡು ಬಂದ್ವಿ, ಹೊತ್ತಾಗೋಯ್ತು. ಅವ್ವ ಹೊಸಿಲಲ್ಲಿ ನಿಂತಿದ್ಲು. ಜಾಗ ಇಲ್ಲ ಅಂದ್ಲು. ನೀನು ಸೆರಗು ಸಿಕ್ಕಿಸ್ಕೊಂಡು ಹಾಗಂದೆ. ಅಂದು ಒಳಗೆ ಹೋದೆ."

ನಾರಾಯಣಮ್ಮ ಟಿವಿ ಆರಿಸಿದರು. ರುದ್ರಾಣಮ್ಮ ಗಂಡನನ್ನೇ ನೋಡುತ್ತಿದ್ದರು. "ನೀವೆಲ್ಲಿದ್ರಿ?"

"ನಿನ್ನ ಹಿಂದೆ. ಚಪ್ಪಲಿ ಬಿಡ್ತಾ ಇದ್ದೆ" ಎಂದರು ಪಂಚಾಕ್ಷರಯ್ಯ. ಆಮೇಲೆ, "ಬಹಳ ಹೊತ್ತು ಬಿಡ್ತಾ ಇದ್ದೆ" ಎಂದರು.

ಆ ಸಂಜೆ ರುದ್ರಾಣಮ್ಮ ಜಗಲಿಗೆ ಬರಲಿಲ್ಲ. ಅರ್ಧ ಶತಮಾನ ಹೊಗಳಿದ್ದು ಸಿನಿಮಾವನ್ನಲ್ಲ, ಇಪ್ಪತ್ತು ವರ್ಷದ ಒಬ್ಬ ಸೊಸೆಯನ್ನು ಎಂದು ತಿಳಿದಾಗ ಅವರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಒಳಗೊಳಗೇ ಸ್ವಲ್ಪ ಜಂಬವಾಯಿತು. ಅಂಥ ಮಾತು ಬರೆಯುವವರು ಈಗ ಇಲ್ಲ ಎಂದದ್ದೇನೋ ಸರಿಯೇ, ಆಗಲೂ ಇರಲಿಲ್ಲ.

'ಉಕ್ಕಿನ ಉಗುರು, ಭಾಗ ಎರಡು' ಬಂತು. ಚಾಮರಾಜಪೇಟೆಯ ಅರ್ಧ ಬೀದಿ ಅವರೊಂದಿಗೆ ಹೋಯಿತು. ರುದ್ರಾಣಮ್ಮ ತೆರೆಯ ಮೇಲೆ ಬಂದು ಕೈ ತೊಳ್ಕೊಂಡು ಬಾ ಎಂದಾಗ ಟಾಕೀಸಿನಲ್ಲಿ ಕಿವಿ ತೂತಾಗುವಂತೆ ಸೀಟಿ. ಹೀರೋ ಕೈ ತೊಳೆಯಲು ಹಿತ್ತಲಿಗೆ ಹೋದ. ಅಷ್ಟರಲ್ಲಿ ಬಾಗಿಲು ಒದ್ದುಕೊಂಡು ಬಂದ ವಿಲನ್ನು ರುದ್ರಾಣಮ್ಮನಿಗೆ ಗುಂಡು ಹೊಡೆದ. ಮುಂದಿನ ಶಾಟಿನಲ್ಲಿ ಅವರು ಬಾಗಿಲ ಹತ್ತಿರ ಕಣ್ಣು ಮುಚ್ಚಿ ಮಲಗಿದ್ದರು. ಎದೆಯ ಮೇಲೆ ಕಂಪ್ಯೂಟರಿನ ರಕ್ತ. ಸಿನಿಮಾದ ಹೆಸರು ಬಂದದ್ದೇ ಆಮೇಲೆ.

"ಅಯ್ಯೋ ಶಿವನೇ, ಅದು ನಿದ್ದೆ ಸೀನು!" ಎಂದು ರುದ್ರಾಣಮ್ಮ ಕೂಗಿಕೊಂಡರು. ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿ ನಾರಾಯಣಮ್ಮ ಅವರ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಗಳಗಳ ಅಳುತ್ತಿದ್ದರು. ಹೀರೋ ಒಮ್ಮೆ ಗರ್ಜಿಸಿ, ಜೀಪು ಹತ್ತಿ, ಸ್ಲೋ ಮೋಶನ್ನಿನಲ್ಲಿ ಹೊರಟುಹೋದ. ಮಣ್ಣು ಮಾಡಲಿಲ್ಲ, ಊಟವನ್ನೂ ಮಾಡಲಿಲ್ಲ. ಅನ್ನ ತಟ್ಟೆಯಲ್ಲೇ ಉಳಿಯಿತು.

ಹೊರಗೆ ಆರಾಧನಾ ಮೈಕು ಚಾಚಿದಳು. ರುದ್ರಾಣಮ್ಮ ಕ್ಷಣ ಯೋಚಿಸಿ, "ನಾನು ಚೆನ್ನಾಗಿ ಮಾಡಿದೀನಿ. ಮಿಕ್ಕಿದ್ದೆಲ್ಲ ಹಾಗೇ ಇದೆ" ಎಂದು ನಡೆದರು.

ವಾರದ ಮೇಲೆ ನಂದೀಶನ ಫೋನು ಬಂತು. ಮೋಸ ಮಾಡಿದೆಯಲ್ಲೋ ಎಂದು ಅವರು ಬಯ್ಯುವಷ್ಟು ಹೊತ್ತೂ ಅವನು ಸುಮ್ಮನೆ ಕೇಳಿಸಿಕೊಂಡ. ಜನ ಅಜ್ಜಿಯನ್ನು ಇನ್ನೂ ಕೇಳುತ್ತಿದ್ದಾರೆ, ಮೂರನೇ ಭಾಗಕ್ಕೆ ಬರಲೇಬೇಕು ಎಂದ.

"ಸತ್ತೋಳು ಹೇಗಪ್ಪ ಬರ್ಲಿ?"

"ಫ್ಲ್ಯಾಶ್‌ಬ್ಯಾಕ್ ಅಜ್ಜಿ. ನಿಮ್ಮ ಹಳೇ ಕಾಲ. ಈ ಸಲ ಕತ್ತಲೆ ಇರಲ್ಲ, ಖಂಡಿತ. ಹಳೇ ಕಾಲ ತೋರಿಸ್ಬೇಕಾದ್ರೆ ನಾವು ಲೈಟು ಜಾಸ್ತಿ ಹಾಕ್ತೀವಿ. ಮನೆಯೆಲ್ಲ ಚಿನ್ನದ ಹಾಗೆ ಹೊಳೀತಿರತ್ತೆ."

ರುದ್ರಾಣಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು.

"ಅಷ್ಟೊಂದು ಹಾಕ್ಬೇಡಪ್ಪ" ಎಂದರು. "ನಮ್ಮ ಮನೇಲಿ ಇದ್ದಿದ್ದು ನಲವತ್ತು ಕ್ಯಾಂಡಲ್ಲಿನ ಒಂದೇ ಬಲ್ಬು. ಅದನ್ನೂ ನಮ್ಮತ್ತೆ ಆರಿಸ್ತಿದ್ರು."