ಮುಳ್ಳಿಲ್ಲದ ಗಾಳ

ಕಿರಿಮಂಜೇಶ್ವರದ ಗುಡ್ಡ ಮೊಗವೀರನಿಗೆ ಬೆಕ್ಕೆಂದರೆ ಮೊದಲಿಂದಲೂ ಅಷ್ಟಕ್ಕಷ್ಟೇ. ದಡದಲ್ಲಿ ಬಲೆ ಬಿಡಿಸಲು ಕೂತರೆ ಬಂಗುಡೆ ಕದಿಯಲು ಬರುವ ಜಾತಿ ಅದು ಎಂಬುದರಾಚೆಗೆ ಆತ ಯೋಚಿಸಿದವನಲ್ಲ. ಅಂಥವನು ಈಗ ಕುಂದಾಪುರದ ಹೈವೇ ಪಕ್ಕದ ಫ್ಲಾಟಿನ ಮೂರನೇ ಮಹಡಿಯಲ್ಲಿ, ಮಗಳ ಬೆಕ್ಕಿನ ಜೊತೆ ಒಂದೇ ಬೀಗದೊಳಗೆ ಕೂತಿದ್ದ. ದೇವರಿಗೂ ಹೊತ್ತು ಹೋಗಬೇಕಲ್ಲ, ಇಂಥ ತಮಾಷೆ ಮಾಡುತ್ತಾನೆ.

ಆದದ್ದಿಷ್ಟು. ನಾಡದೋಣಿಯನ್ನು ದಡಕ್ಕೆ ಎಳೆಯುವಾಗ ಹಿಂದಿನಿಂದ ಅಲೆ ಹೊಡೆದು ದೋಣಿ ಅವನ ಬಲಗಾಲಿನ ಮೇಲೆ ಮಗುಚಿತು. ಆಪರೇಷನ್ ಆಯಿತು, ರಾಡ್ ಕೂತಿತು. ಹೆಂಡತಿ ತೀರಿಕೊಂಡ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು ಮಗಳು ದಿವ್ಯಾ ತನ್ನಲ್ಲಿಗೆ ಕರೆತಂದಳು. ಅವಳ ಗಂಡ ಮುಂಬೈಯ ಹೋಟೆಲಿನಲ್ಲಿ, ಅವಳು ಪೇಟೆಯ ಬಟ್ಟೆ ಅಂಗಡಿಯಲ್ಲಿ. ಹಿಂದೆ ಸಾಕಿದ ಬೆಕ್ಕು ಲಾರಿಯಡಿ ಸಿಕ್ಕಿ ಸತ್ತ ಮೇಲೆ ಈ ಬೆಕ್ಕನ್ನು ಅವಳು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಸಿಗಡಿಯ ಹಾಗೆ ಮುದುರಿ ಮಲಗುತ್ತದೆಂದು ಊರಿನ ಮಾತಿನಲ್ಲಿ ಅದಕ್ಕೆ ಚಟ್ಲಿ ಎಂದೇ ಹೆಸರಿಟ್ಟಿದ್ದಳು. ವಾಕರ್ ಹಿಡಿದ ಅಪ್ಪ ಬಾಗಿಲು ಮುಚ್ಚುವಷ್ಟರಲ್ಲಿ ಚಟ್ಲಿ ಮೆಟ್ಟಿಲಿಳಿದಿರುತ್ತದೆ ಎಂಬ ಹೆದರಿಕೆಗೆ, ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿ, ಇನ್ನೊಂದು ಕೀಲಿಯನ್ನು ಎದುರುಮನೆಯ ವನಜಕ್ಕನ ಹತ್ತಿರ ಕೊಟ್ಟು ಹೋಗುತ್ತಿದ್ದಳು. ಬೀಗ ಬೆಕ್ಕಿಗಾಗಿ ಎಂದು ಗುಡ್ಡನಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಉಸಿರು ಕಟ್ಟುವುದು ಕಡಿಮೆಯಾಗುತ್ತದೆಯೇ?

ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಇತ್ತು. ಮಧ್ಯಾಹ್ನ ಪಡುಗಾಳಿ ಎದ್ದರೆ ಉಪ್ಪಿನ ವಾಸನೆ ಅಲ್ಲಿಯ ತನಕ ಬರುತ್ತಿತ್ತು, ಆದರೆ ಸಮುದ್ರ ಮಾತ್ರ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಎದುರು ಕಟ್ಟಡದ ನೀರಿನ ಟಾಂಕಿ. ಗ್ರಿಲ್ಲಿನ ಈ ತುದಿಗೆ ಅವನು, ಆ ತುದಿಗೆ ಚಟ್ಲಿ.

ಅವನಿಗಿದ್ದದ್ದು ಒಂದೇ ಚಿಂತೆ: ದೋಣಿಗೆ ಹೋಗುವುದು ಯಾವಾಗ? ದೋಣಿಯ ಜೊತೆಗಾರ ರಾಮ ಫೋನ್ ಮಾಡಿದಾಗಲೆಲ್ಲ, "ನಿಮ್ ಜಾಗ ಅಲ್ಲೇ ಇತ್ತ್ ಗುಡ್ಡಣ್ಣ, ಆರಾಮ ಆಯ್ಕಂಡ್ ಬನ್ನಿ," ಎನ್ನುತ್ತಿದ್ದ. ದಿವ್ಯಾಳನ್ನು ಕೇಳಿದರೆ, "ಇನ್ನೊಂದ್ ಎಕ್ಸ್‌ರೇ ಆಯ್ಲಿ ಅಪ್ಪಯ್ಯ, ಕಾಂಬ." ಒಂದು ಎಕ್ಸ್‌ರೇ ಮುಗಿದರೆ ಮತ್ತೊಂದು. ಗುಡ್ಡ ಪ್ರತಿ ಸಲವೂ ನಂಬಿದ. ಗಂಡಸು ಅಷ್ಟು ವರ್ಷ ಕಡಲಿನಲ್ಲಿ ಬದುಕಿ ಬಂದವನು, ಮಗಳ ಮಾತಿನಲ್ಲಿ ಸುಳಿ ಇದೆ ಎಂದು ಹೇಗೆ ಎಣಿಸಿಯಾನು?

ಚಟ್ಲಿ ಪರದೆ ಹರಿದು ಹಾಕಿದ ದಿನ ದಿವ್ಯಾಳಿಗೆ ಸಾಕಾಗಿ ಹೋಯಿತು. "ಸುಮ್ನೆ ಕೂಕಂಬ ಬದ್ಲ್ ಅದ್ನ ಒಂಚೂರ್ ಆಡ್ಸಿ ಅಪ್ಪಯ್ಯ," ಎಂದಳು. ಗುಡ್ಡ ಮೂಗು ಮುರಿದ. ಆದರೂ ಮರುದಿನ ವನಜಕ್ಕನಿಂದ ಕೋಳಿ ಅಂಗಡಿಯ ಬಿಳಿ ಗರಿ ತರಿಸಿದ. ನೈಲಾನ್ ದಾರದ ತುದಿಗೆ ಗರಿಗಳನ್ನು ಬಿಗಿದು, ಬಂಗುಡೆಗೆ ಕಟ್ಟುವ ಹಾಗೆಯೇ ಗಾಳ ಕಟ್ಟಿದ. ಕೊಕ್ಕೆಯ ಮುಳ್ಳೊಂದಿಲ್ಲ, ಅಷ್ಟೇ. ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟು, ಬರಿಗೈಯಲ್ಲಿ ದಾರ ಬೀಸಿದರೆ ಗರಿ ಹೋಗಿ ಅಡುಗೆಮನೆಯ ಬಾಗಿಲಲ್ಲಿ ಬಿತ್ತು. ಚಟ್ಲಿಯ ಕಣ್ಣಪಾಪೆ ಅರಳಿ ಕಣ್ಣೆಲ್ಲ ಕಪ್ಪಾಯಿತು. ಗುಡ್ಡನ ಬೆರಳಿಗೂ ಜೀವ ಬಂತು.

ಬಂಗುಡೆಗೆ ಗರಿ ಬಿಟ್ಟವರಿಗೆ ಗೊತ್ತು, ಅದನ್ನು ಒಂದು ಕಡೆ ನಿಲ್ಲಗೊಡಬಾರದು. ನಿಂತ ಗರಿಯನ್ನು ಮೀನು ಮೂಸುವುದಿಲ್ಲ. ಎಳೆಯುತ್ತಲೇ ಇರಬೇಕು, ಬಾಯಿ ಹಾಕಿತೋ, ಜಗ್ಗಬೇಕು. ಗುಡ್ಡ ಹಾಗೆಯೇ ಮಾಡಿದ. ಚಟ್ಲಿ ಹಾರಿತು, ಗುಡ್ಡ ಜಗ್ಗಿದ. ಮತ್ತೆ ಹಾರಿತು, ಮತ್ತೆ ಜಗ್ಗಿದ. ಮುಳ್ಳಿದ್ದ ಗಾಳ ಜಗ್ಗಿದರೆ ಮೀನು ಬರುತ್ತದೆ, ಮುಳ್ಳಿಲ್ಲದ್ದನ್ನು ಜಗ್ಗಿದರೆ ಬರೀ ಗರಿ ವಾಪಸು ಬರುತ್ತದೆ ಎಂಬ ಸಣ್ಣ ಲೆಕ್ಕ ಆ ಮಹಾರಾಯನ ತಲೆಗೆ ಹೊಳೆಯಲೇ ಇಲ್ಲ. ದಿನಾ ಬೆಳಿಗ್ಗೆ ಇದೇ ಆಟ. ಬೆಕ್ಕಿನ ಉಗುರಿಗೆ ಗರಿಯ ಒಂದು ಎಳೆಯನ್ನೂ ಕೊಡದ ತನ್ನ ಕೈಚಳಕಕ್ಕೆ ಅವನಿಗೆ ಹೆಮ್ಮೆಯೋ ಹೆಮ್ಮೆ.

ಬರಬರುತ್ತ ಚಟ್ಲಿ ಕೆಟ್ಟು ಹೋಯಿತು. ಗರಿ ಬಿದ್ದರೂ ಏಳದು, ಅನ್ನ ಮೀನು ಮುಟ್ಟದು, ನಡೆಯುವವರ ಕಾಲಿಗೆ ಬಾಯಿ ಹಾಕುವುದು. ಒಂದು ಬೆಳಿಗ್ಗೆ ಗುಡ್ಡನ ಮುಂಗೈ ಪರಚಿ ರಕ್ತ ಬರಿಸಿತು. ಆ ಭಾನುವಾರ ದಿವ್ಯಾ ಅದನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಳು.

"ಡಾಕ್ಟ್ರ್ ಕೇಂಡ್ರ್, ಇದ್ ಆಡುವತಿಗೆ ಒಂದ್ಸಲ ಆದ್ರೂ ಹಿಡಿತ್ತಾ ಅಂದೇಳಿ. ನೀವ್ ಹಿಡುಕ್ ಬಿಡ್ತ್ರಿಯಾ, ಇಲ್ಯಾ?"

"ಬಿಟ್ರೆ ಗಾಳ ಹಾಕುದ್ ಎಂತಕೆ?"

"ಬರೀ ಆಸೆ ತೋರ್ಸಿ ಎಳ್ಕಂಡ್ರೆ ಅದ್ಕೆ ತಲೆ ಕೆಡತ್ತಂಬ್ರ್. ಕಡೀಗೊಂದ್ಸಲ ಹಿಡುಕ್ ಬಿಡ್ಕ್. ಮತ್ತೆ ಉಂಬುಕ್ ಹಾಕ್ಕ್."

ಗುಡ್ಡ ಗರಿ ಎತ್ತಿಕೊಂಡ. ದಾರ ಬೀಸಿದ. ಬಹಳ ಹೊತ್ತಿನ ಮೇಲೆ ಚಟ್ಲಿ ಮನಸ್ಸಿಲ್ಲದ ಮನಸ್ಸಿನಿಂದ ಹಾರಿತು. ಜಗ್ಗಲು ಹೊರಟ ಕೈಯನ್ನು ಅವನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಗರಿ ಸಿಕ್ಕಿದ್ದನ್ನು ಬೆಕ್ಕೇ ನಂಬದಾಯಿತು. ಕಚ್ಚಿ ಹಿಡಿದು, ಗುರ್ರೆಂದು, ಮಂಚದಡಿಗೆ ಒಯ್ದು ಚಿಂದಿ ಮಾಡಿತು. ದಾರವನ್ನೂ ನುಂಗೀತೆಂದು ದಿವ್ಯಾ ಅದನ್ನು ಬಿಡಿಸಿಕೊಂಡಳು. ಆಮೇಲೆ ಚಟ್ಲಿ ತಟ್ಟೆಯ ಮೀನನ್ನೆಲ್ಲ ತಿಂದು, ಮೈ ನೆಕ್ಕಿಕೊಂಡು, ಅಲ್ಲೇ ನಿದ್ದೆ ಹೋಯಿತು.

ಗುಡ್ಡ ಅದನ್ನೇ ನೋಡುತ್ತ ಕೂತ. ತನಗೂ ಎಷ್ಟು ದಿನವಾಯಿತು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ?

"ಹೆಣೆ," ಎಂದು ಮಗಳನ್ನು ಕರೆದ. "ಒಂದ್ ಮಾತ್ ಕೇಂತೆ. ನಾನ್ ಮತ್ತೆ ದೋಣಿ ಹತ್ತುಕಾತ್ತಾ, ಇಲ್ಯಾ?"

"ಮುಂದಿನ್ ಎಕ್ಸ್‌ರೇ ಒಂದ್..."

"ಗರಿ ಎಳಿಬ್ಯಾಡ. ಆತ್ತ್ ಅಂದೇಳ್, ಇಲ್ದಿರೆ ಆತಿಲ್ಲೆ ಅಂದೇಳ್."

ದಿವ್ಯಾ ಅಲ್ಲೇ ನೆಲಕ್ಕೆ ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. "ಆತಿಲ್ಲೆ ಅಪ್ಪಯ್ಯ. ಆಪರೇಷನ್ ಮಾಡ್ದ್ ದಿನವೇ ಡಾಕ್ಟ್ರ್ ಹೇಳಿದ್ರ್. ನಂಗೇ ಹೇಳುಕ್ ಧೈರ್ಯ ಬರ್ಲಿಲ್ಲೆ."

ಅವನು ಬೈಯಲಿಲ್ಲ. ಅಳು ಬಂತು, ಅತ್ತ. ಆಮೇಲೆ ಫೋನ್ ತೆಗೆದು ರಾಮನಿಗೆ ಮಾಡಿದ. "ರಾಮ, ನನ್ ಜಾಗಕ್ಕೆ ಬೇರೆ ಯಾರನ್ನಾರೂ ಹಾಕ್ಕೊ ಮಾರಾಯ. ನಾ ಬತ್ತಿಲ್ಲೆ."

ಆ ಕಡೆ ಗಾಳಿಯ ಸದ್ದಿತ್ತು. ರಾಮ ದಡದಲ್ಲೇ ಇದ್ದಿರಬೇಕು.

"ಹಾಕಿ ಸುಮಾರ್ ದಿನ ಆಯ್ತ್ ಗುಡ್ಡಣ್ಣ," ಎಂದ ರಾಮ. "ನಿಮ್ಗೆ ಹೇಳುಕ್ ಬಾಯಿ ಬರ್ಲಿಲ್ಲೆ."

ಆ ಮಧ್ಯಾಹ್ನ ಗುಡ್ಡ ಎರಡನೇ ಸಲ ಅನ್ನ ಹಾಕಿಸಿಕೊಂಡು ಉಂಡ. ಮಲಗಿದವನು ದೀಪ ಹಚ್ಚುವ ಹೊತ್ತಿಗೇ ಎದ್ದದ್ದು.

ಮರುದಿನ ಕೆಲಸಕ್ಕೆ ಹೊರಟ ದಿವ್ಯಾ ಬೀಗ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಳು. ಹಾಕಲೋ ಬೇಡವೋ ಎಂದು ಅಪ್ಪನ ಮುಖ ನೋಡಿದಳು.

"ಹಾಕ್ ಹೆಣೆ," ಎಂದ ಗುಡ್ಡ. "ಬೆಕ್ಕ್ ಹೊರಗ್ ಹೋತ್ತ್."

ಬೀಗ ಬಿದ್ದ ಸದ್ದು ಕೇಳಿ ಚಟ್ಲಿ ಬಂದು ಸ್ಟೂಲಿನ ಬಳಿ ಕೂತಿತು. ಗುಡ್ಡ ಹೊಸ ಗರಿ ಕಟ್ಟಿ ದಾರ ಬೀಸಿದ. ಅದು ಹಾರಿ ಹಿಡಿಯುವ ತನಕ ಕಾದು, ಕೈ ಸಡಿಲ ಬಿಟ್ಟ.