ಬಟ್ಟಲು ಗಿಡದ ನೀರು

ನಮ್ಮ ಮನೆಯ ಹಳೆಯ ಉದ್ಧರಣೆ ಇರುವುದು ದೇವರ ಮನೆಯಲ್ಲಲ್ಲ, ಹಿತ್ತಲ ಬಾವಿಕಟ್ಟೆಯ ಮೇಲೆ. ಆಚಮನಕ್ಕೆಂದು ಹುಟ್ಟಿದ ಈ ಪುಟ್ಟ ತಾಮ್ರದ ಚಮಚ ಅಲ್ಲಿಗೆ ವಲಸೆ ಹೋದ ಕಥೆಯನ್ನು ನಿಮಗೆ ಹೇಳಬೇಕೆನಿಸಿದೆ. ನಡುವೆ ಎಲ್ಲಾದರೂ ಸುಮ್ಮನಾದರೆ, ಗೆಳೆಯರೇ, ಮಾತು ಮರೆತನೆಂದುಕೊಂಡು ಮನ್ನಿಸಿ.

ಸ್ವಾತಂತ್ರ್ಯ ಬಂದ ವರ್ಷ, ಮೈಸೂರು ಬಿಟ್ಟು ತನ್ನ ದೇಶಕ್ಕೆ ಹೊರಟ ದೊರೆಸಾನಿಯೊಬ್ಬಳು, ತನಗೆ ಕನ್ನಡ ಕಲಿಸಿದ ನನ್ನ ಹೆಂಡತಿ ಶಾರದೆಗೆ ಎರಡು ಕುಂಡಗಳನ್ನು ಕೊಟ್ಟುಹೋದಳು. ಬ್ರೊಮೀಲಿಯಾಡ್ ಎಂದು ಹೆಸರು. ನಮ್ಮ ಅನಾನಸಿನ ದಾಯಾದಿಗಳು. ದಾಯಾದಿಗಳಲ್ಲವೇ, ಹಣ್ಣಿನಲ್ಲಿ ನಮಗೆ ಪಾಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಎಲೆಗಳು ಬುಡದಲ್ಲಿ ಒಂದನ್ನೊಂದು ತಬ್ಬಿ ನಡುವೆ ಬಟ್ಟಲಾಗುತ್ತವೆ. ಗಿಡ ಬದುಕುವುದು ಆ ಬಟ್ಟಲಿನ ನೀರಿನಿಂದ, ಹೂ ಮೊಳೆಯುವುದೂ ಆ ನೀರಿನ ತಳದಲ್ಲೇ. ಶಾರದೆ ಅದನ್ನು ಬಟ್ಟಲು ಗಿಡವೆಂದಳು. ಚೊಂಬಿನಿಂದ ಸುರಿದರೆ ಕಸವೂ ಒಳಗಿಳಿಯುತ್ತದೆಂದು ಉದ್ಧರಣೆಯಿಂದ ನೀರೆರೆಯತೊಡಗಿದಳು. ನಮ್ಮೊಡನಿದ್ದ ನನ್ನ ಸೋದರತ್ತೆ, ಮಡಿಯೆಂದರೆ ಪ್ರಾಣ ಬಿಡುವವರು, ಮೂರು ದಿನ ಗೊಣಗಿ, ದೇವರಿಗೆ ಬೇರೆ ಉದ್ಧರಣೆ ತಂದುಕೊಂಡರು.

ಎರಡೂ ಗಿಡ ಒಟ್ಟಿಗೆ ಹೂಬಿಟ್ಟ ವರ್ಷ ಶಾರದೆ ಕಡ್ಡಿಗೆ ಹತ್ತಿ ಸುತ್ತಿ, ಒಂದರ ಪರಾಗವನ್ನು ಇನ್ನೊಂದರ ಹೂವಿಗೆ ಸವರಿ, ಗುರುತಿಗೆ ಅರಿಸಿನದ ದಾರ ಕಟ್ಟಿ, ಲಗ್ನವಾಯಿತೆಂದಳು. ತಾಯಿಗಿಡ ಬಾಳೆಯ ಹಾಗೆ ಒಂದೇ ಸಲ ಹೂಬಿಟ್ಟು, ಬೀಜ ಮಾಗಿಸಿ, ಪಕ್ಕದಲ್ಲೊಂದು ಮರಿ ಹಾಕಿ, ಮೆಲ್ಲಗೆ ಒಣಗಿತು. ತೆಂಗಿನ ನಾರಿನ ಮೇಲೆ ಬಿತ್ತಿದ ಬೀಜಗಳಲ್ಲಿ ಉಳಿದದ್ದು ಒಂದೇ ಸಸಿ. ಅದು ಹೂಬಿಡಲು ಆರು ವರ್ಷ ಬೇಕಾಯಿತು. ಒಂದು ಗಿಡದ್ದು ಕೆಂಪು ಹೂ, ಇನ್ನೊಂದರದು ನೀಲಿ. ಕೂಸು ಯಾರನ್ನು ಹೋಲುವುದೆಂದು ನಾವಿಬ್ಬರೂ ಜಗಳವಾಡಿದ್ದೇ ಆಡಿದ್ದು. ಅವಳು ನೇರಳೆಯೆಂದಳು, ನಾನು ಸಪ್ಪೆ ಬಿಳಿಯೆಂದೆ. ಆರನೆಯ ಬೇಸಿಗೆಯಲ್ಲಿ ಬಟ್ಟಲ ತಳದಲ್ಲಿ ಹಸಿರು ಮೊಗ್ಗಿನ ತುದಿ ಕಂಡಿತು. ಅದೇ ವಾರ ಶಾರದೆಗೆ ವಿಷಮಜ್ವರ ಹಿಡಿಯಿತು; ಹದಿನೆಂಟನೆಯ ದಿನ ಹೋಗಿಬಿಟ್ಟಳು.

ಸಾವಾದ ಮನೆಯಲ್ಲಿ ತುಂಬಿಟ್ಟ ನೀರು ನಿಲ್ಲಬಾರದೆಂಬುದು ನಮ್ಮವರ ಪದ್ಧತಿ. ಹಂಡೆ, ಕೊಡ, ಗಿಂಡಿಗಳನ್ನೆಲ್ಲ ಬರಿದು ಮಾಡಿದ ಅತ್ತೆ ಹಿತ್ತಲಿಗೂ ಹೋಗಿ, ಗಿಡಗಳನ್ನು ಒಂದೊಂದಾಗಿ ಬಾಗಿಸಿ ಬಟ್ಟಲಿನ ನೀರು ಚೆಲ್ಲಿ, ನೆಲ ತೊಳೆಯಲೆಂದು ಕುಂಡಗಳನ್ನು ಬಿಸಿಲಿನ ಗೋಡೆಗೆ ಸರಿಸಿದರು. ಹನ್ನೆರಡು ದಿನ ಅವುಗಳಿಗೆ ಹನಿ ನೀರು ಬೀಳಲಿಲ್ಲ. ಹದಿಮೂರನೆಯ ದಿನ ನಾನು ಹೋಗಿ ನೋಡಿದಾಗ ಮೊಗ್ಗು ಸುಟ್ಟು ಕಪ್ಪಾಗಿತ್ತು.

"ಅವಳು ಒಂದು ಸಲ ಸತ್ತದ್ದು ಸಾಲದೂಂತ ನೀವು ಇನ್ನೊಂದು ಸಲ ಸಾಯಿಸಿದ್ರಿ, ಅತ್ತೆ," ಎಂದೆ.

ಅತ್ತೆ ಬಗ್ಗಿ ಕಪ್ಪಾದ ಮೊಗ್ಗನ್ನು ನೋಡಿದರು. ಆಮೇಲೆ, "ಆ ನೀರಲ್ಲೇ ಅವಳ ಆಸೆಯೆಲ್ಲಾ ಇತ್ತಲ್ಲೋ. ಜೀವ ಅಲ್ಲೇ ಸಿಕ್ಕಿಹಾಕ್ಕೋಬಾರ್ದು, ನೆಮ್ಮದಿಯಾಗಿ ಹೋಗ್ಲಿ ಅಂತ ಚೆಲ್ಬಿಟ್ಟೆ ಕಣೋ," ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ಅತ್ತೆ, ಮಡಿಯುಟ್ಟುಕೊಂಡೇ ಬಾವಿಕಟ್ಟೆಯ ಉದ್ಧರಣೆಯನ್ನೆತ್ತಿಕೊಂಡು ಗಿಡಕ್ಕೆ ನೀರೆರೆಯತೊಡಗಿದರು. ಮೊಗ್ಗು ಕಳೆದುಕೊಂಡ ಗಿಡ ಸಾಯುವ ಮುನ್ನ ಬುಡದಲ್ಲೊಂದು ಮರಿ ಹಾಕಿತು. ಮರಿಯ ಹೂವಿಗೂ ಅರಳದೆ ಹೋದ ಆ ಮೊಗ್ಗಿನದೇ ಬಣ್ಣವೆಂದು ನಾನು ಹೇಳಿದ್ದೇ ತಡ, ಕಣ್ಣಿಗೆ ಪೊರೆ ಬಂದಿದ್ದ ಅತ್ತೆ ಪ್ರತಿ ಬೆಳಿಗ್ಗೆ, "ಬಣ್ಣ ಕಂಡ್ತೇನೋ?" ಎಂದು ಕೇಳುವುದನ್ನು ವ್ರತ ಮಾಡಿಕೊಂಡರು. ಇನ್ನೂ ಇಲ್ಲವೆನ್ನುತ್ತಿದ್ದೆ. ಹಾಸಿಗೆ ಹಿಡಿದ ಮೇಲೂ ಕೇಳಿದರು; ಆಗ ನೀರೆರೆಯುತ್ತಿದ್ದವನು ನಾನೇ ಆದರೂ, ಬಗ್ಗಿ ನೋಡದೆಯೇ ಇಲ್ಲವೆಂದುಬಿಡುತ್ತಿದ್ದೆ.

ಒಂದು ವಿಷಯ ನನಗೆ ತಿಳಿಯಲು ವರ್ಷಗಳೇ ಬೇಕಾದವು. ಹಳೆಯ ನೀರು ಚೆಲ್ಲುವುದು ಪದ್ಧತಿಯ ಅರ್ಧ ಮಾತ್ರ. ಹೊಸ ನೀರು ತುಂಬುವುದು ಉಳಿದರ್ಧ. ಹಂಡೆ ಕೊಡಗಳನ್ನು ಅತ್ತೆ ಅಂದೇ ತುಂಬಿಸಿದ್ದರು. ಬಟ್ಟಲು ಗಿಡ ಯಾವುದರಿಂದ ಬದುಕುತ್ತದೆಂದು ಬಲ್ಲವನು ಆ ಮನೆಯಲ್ಲಿ ಉಳಿದಿದ್ದದ್ದು ನಾನೊಬ್ಬನೇ. ನಡುಮನೆಯಿಂದ ಹಿತ್ತಲಿಗೆ ಇಪ್ಪತ್ತು ಹೆಜ್ಜೆ, ಹನ್ನೆರಡು ದಿನ ನಾನದನ್ನು ನಡೆಯಲಿಲ್ಲ. ಅವಳಿಲ್ಲದ ಹಿತ್ತಲನ್ನು ನೋಡಲು ನನಗೆ ಹೆದರಿಕೆಯಾಗಿತ್ತು. ಇದನ್ನು ಅತ್ತೆಗೆ ಹೇಳಿ ಕಾಲು ಹಿಡಿಯಬೇಕೆಂದುಕೊಂಡೆ, ನಾಳೆ ನಾಳೆಯೆಂದು ಮುಂದೂಡಿದೆ.

ಕಳೆದ ಮಾಘದಲ್ಲಿ ಅತ್ತೆ ತೀರಿಕೊಂಡರು. ನೆಂಟರು ಒಳಗೆ ಹಂಡೆ ಬರಿದು ಮಾಡುತ್ತಿದ್ದಾಗ ನಾನು ಹಿತ್ತಲಿಗೆ ಹೋಗಿ, ಗಿಡವನ್ನು ಬಾಗಿಸಿ, ಬಟ್ಟಲಿನ ನೀರನ್ನು ನನ್ನ ಕೈಯಾರೆ ಚೆಲ್ಲಿದೆ. ಅವರ ಆಸೆಯೂ ಅದರಲ್ಲೇ ಇತ್ತಲ್ಲ, ಅವರೂ ನೆಮ್ಮದಿಯಾಗಿ ಹೋಗಲಿ. ಆಮೇಲೆ ಬಾವಿಯಿಂದ ಹೊಸ ನೀರು ಸೇದಿ, ಉದ್ಧರಣೆಯಿಂದ ಎರೆಯತೊಡಗಿದೆ. ಕದಡಿದ ಹಳೆಯ ನೀರು ಹೋಗಿ ತಳ ತಿಳಿಯಾಗಿ ಕಾಣುತ್ತಿತ್ತು. ಅಲ್ಲೊಂದು ಮೊಗ್ಗಿತ್ತು, ಎಷ್ಟು ದಿನದಿಂದ ಇತ್ತೋ ಏನೋ, ತುದಿ ನೇರಳೆ. ನಾನು ಸೋತೆನೆಂದು ಶಾರದೆಗೆ ಹೇಳೋಣವೆಂದರೆ ಅವಳೂ ಇಲ್ಲ, ಬಣ್ಣ ಕಂಡಿತೆಂದು ಅತ್ತೆಗೆ ಹೇಳೋಣವೆಂದರೆ ಅವರೂ ಇಲ್ಲ. ಬಟ್ಟಲು ತುಂಬುವವರೆಗೆ ಎರೆಯುತ್ತ ಕುಳಿತೆ.