ಕೌದಿಯ ಮೇಲೆ ಬೀಸುಕಲ್ಲು

ನಾಸಿಕದ ಹತ್ತಿರದ ದೇವಳಾಲಿ ಕ್ಯಾಂಪಿನಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಮರಾಠಿ ಮೇಷ್ಟ್ರ ಹತ್ತಿರ ನಾನು ಧ್ವನಿಮುದ್ರಣ ಕಲಿಯುತ್ತಿದ್ದೆ. ಅವರ ಮೊದಲ ಪಾಠ ಇದು: ಬೇಡದ ಸದ್ದನ್ನು ಹೊರಗೆ ಹಾಕು, ಬೇಕಾದದ್ದು ತಾನಾಗಿ ಉಳಿಯುತ್ತದೆ.

ಆ ವರ್ಷ ಔರಂಗಾಬಾದಿನ ಚಿಕಲಠಾಣಾದಲ್ಲಿದ್ದ ನನ್ನ ದೊಡ್ಡವ್ವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಶನ್ ಮಾಡಿದರೆ ಜೀವ ಉಳಿಯಬಹುದು, ದನಿ ಉಳಿಯುವುದಿಲ್ಲ ಎಂದರು ಡಾಕ್ಟರು. ಬೀದರಿನಿಂದ ಬರುವಾಗ ಅವಳು ಬೀಸುಕಲ್ಲನ್ನೂ ಬೀಸುವಾಗ ಹಾಡುವ ಪದಗಳನ್ನೂ ತಂದಿದ್ದಳು. ಮೇಷ್ಟ್ರನ್ನು ಕೇಳಿಕೊಂಡು ಅವರ ಸ್ಪೂಲ್ ಟೇಪ್ ರೆಕಾರ್ಡರ್ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ.

ಪಾಠದ ಪ್ರಕಾರ ಮೊದಲು ಬೀಸುಕಲ್ಲನ್ನು ಬದಿಗೆ ಸರಿಸಿದೆ. ದೊಡ್ಡವ್ವ ಮೈಕಿನ ಮುಂದೆ ಕೈಕಟ್ಟಿ ಕೂತು ಒಂದು ಸಾಲು ಹಾಡಿ ನಿಲ್ಲಿಸಿದಳು.

"ಯಾಕ ಬೇ?"

"ಕೈ ತಿರುಗಲಿಲ್ಲಂದ್ರ ಪದ ಹೆಂಗ ಬರ್ತಾವೋ?"

ಕಲ್ಲನ್ನು ಮತ್ತೆ ತಂದೆ. ಸದ್ದು ಕಡಿಮೆಯಾದೀತೆಂದು, ಜೋಳ ಹಾಕದೆ ಬೀಸು ಎಂದೆ. ಅವಳ ಸೊಸೆ, ನನ್ನ ಅತ್ತಿಗೆ, ಒಳಗಿನಿಂದ ಓಡಿಬಂದರು.

"ಬರೇ ಕಲ್ಲು ಬೀಸ್ತಾರೇನ್ರಿ? ನಾಳಿ ಆಪರೇಶನ್ ಇಟ್ಕೊಂಡು? ಇದನ್ನೇ ಕಲಿಸ್ತಾರೇನ್ರಿ ನಾಸಿಕದಾಗ?"

ಬರಿಗಲ್ಲು ಬೀಸಿದರೆ ಮನೆಗೆ ಒಳ್ಳೆಯದಲ್ಲ ಎಂಬುದು ನನಗೂ ಗೊತ್ತಿತ್ತು. ಯಂತ್ರದ ಮುಂದೆ ಅದು ನೆನಪಿರಲಿಲ್ಲ. ಜೋಳ ಬಂತು. ಕಲ್ಲಿನ ಕೆಳಗೆ ಕೌದಿ ಮಡಚಿ ಹಾಕಿ, ಬಟ್ಟೆ ಒಣಹಾಕುವ ಹಗ್ಗಕ್ಕೆ ಮೈಕನ್ನು ಅವಳ ಬಾಯಿಯ ಎತ್ತರಕ್ಕೆ ಕಟ್ಟಿದೆ. ಯಂತ್ರದ ಗುಂಡಿ ಒತ್ತಿದೆ.

ದೊಡ್ಡವ್ವ ಪೂರ್ತಿ ಹಾಡಿದಳು. ನಡುವೆ ಕೆಮ್ಮಿದಳು. ಹಾಡು ಮುಗಿದ ಮೇಲೆ ಕೆಳಗೆ ನೋಡಿ ಅದೇ ಉಸಿರಿನಲ್ಲಿ ಅಂದಳು: "ಏ ಮಂಗ್ಯಾ, ಕೌದಿಗೆಲ್ಲ ಹಿಟ್ಟು ಆತಲ್ಲೋ! ನಿಮ್ಮಪ್ಪ ಬಂದು ಒಗೀತಾನೇನು?" ಯಂತ್ರ ಇನ್ನೂ ತಿರುಗುತ್ತಿತ್ತು.

ಆಪರೇಶನ್ ಆಯಿತು. ಜೀವ ಉಳಿಯಿತು. ಡಾಕ್ಟರು ಹೇಳಿದ್ದರಲ್ಲಿ ಯಾವುದೂ ತಪ್ಪಾಗಲಿಲ್ಲ.

ಅವಳು ಮನೆಗೆ ಬಂದ ಮೇಲೆ ಟೇಪು ಕೇಳಿಸಿದೆ. ಹಾಡನ್ನು ಬೇರೆ ಯಾರದೋ ಎಂಬಂತೆ ಕೇಳಿದಳು. ಬೈಗುಳ ಬಂದಾಗ ಅವಳ ಭುಜಗಳು ಕುಣಿದವು. ಸದ್ದಿರಲಿಲ್ಲ, ಆದರೆ ಅದು ನಗೆಯೇ. ಬೆರಳು ಸುತ್ತಿ ತೋರಿಸಿದಳು: ಇನ್ನೊಮ್ಮೆ. ಹಾಡಿನಿಂದ ಶುರುಮಾಡಿದರೆ ತಲೆಯಾಡಿಸಿ ಬೇಡವೆಂದಳು. ಬೈಗುಳವಷ್ಟೇ ಬೇಕಿತ್ತು ಅವಳಿಗೆ.

ಯಂತ್ರವನ್ನು ದೇವಳಾಲಿಗೆ ಹಿಂತಿರುಗಿಸಿದಾಗ ಮೇಷ್ಟ್ರು ಮುಂದಿನ ಪಾಠಕ್ಕೆ ಬ್ಲೇಡು ತೆಗೆದರು. ಬೇಡದ ತುಣುಕು ಕತ್ತರಿಸಿ ಟೇಪು ಅಂಟಿಸುವ ಪಾಠ. ದೊಡ್ಡವ್ವನ ಟೇಪನ್ನೇ ತಿರುಗಿಸಿ, ಕೆಮ್ಮಿನ ಹತ್ತಿರ ಪೆನ್ಸಿಲ್ ಗುರುತು ಹಾಕಿದರು. ಹಾಡು ಮುಗಿದು ಮಾತು ಬಂದಾಗ ಪೆನ್ಸಿಲ್ ಮತ್ತೆ ಎತ್ತಿ, ಇದೇನು ಎಂದು ಕೇಳಿದರು.

ಇದು ಹಾಡಿನ ಕೊನೆಯ ನುಡಿ ಸರ್, ಎಂದೆ.

ಮೇಷ್ಟ್ರಿಗೆ ಕನ್ನಡ ಬರುತ್ತಿರಲಿಲ್ಲ. ಇನ್ನೊಮ್ಮೆ ಕೇಳಿ, ರಾಗ ಸ್ವಲ್ಪ ಬದಲಾಗಿದೆ ಎಂದು ಹೇಳಿ ಬ್ಲೇಡನ್ನು ಡಬ್ಬಿಯಲ್ಲಿಟ್ಟರು.